ಬಿಸ್ಕೀಟಿನ ಡಬ್ಬಿಯೊಳಗಿನ ಚೌಡಿಕೆ ಪದಗಳು

ಕಳೆದ ವರ್ಷ ಭಾರತ ಹುಣ್ಣಿಮೆಯ ಜಾತ್ರೆ ಮುಗಿದು, ಯಲ್ಲಮ್ಮನ ಗುಡ್ಡದಿಂದ ಇಳಿದ ಚಕ್ಕಡಿಗಳ ಸಾಲು ಸವದತ್ತಿಯನ್ನು ದಾಟಿಹೋದ ನಾಲ್ಕೈದು ದಿವಸಗಳ ತರುವಾಯ, ಬಹುಕಾಲ ನನ್ನ ಸಹೋದ್ಯೋಗಿಗಳೂ ಆಪ್ತಮಿತ್ರರೂ ಆಗಿದ್ದು ಈಗ ದಿವಂಗತರಾಗಿರುವ ಶಿಕ್ಷಕರೊಬ್ಬರ ಪತ್ನಿಯವರು, ಅಂಚಿಗೆ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. "ಮಾಸ್ತರ್ರ, ಇದರಾಗ ಅವರು ಬರ್ಕೊಂಡ ಹಾಡ ಅದಾವಂತ ಹೇಳತಿದ್ರು. ಗುಜರಿಯಂವಗ ಕೊಡಾಕ ಮನಸ್ಸ ಬರವಲ್ದು" ಎಂದು ಹೇಳಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತರು. ಮುಚ್ಚಳ ತೆಗೆದು ನೋಡಿದರೆ ಒಳಗೆ 17 ಫ್ಲಾಪಿಗಳು. ಒಂದೊಂದರ ಮೇಲೂ ಮಿತ್ರರ ದುಂಡನೆಯ ಅಕ್ಷರಗಳಲ್ಲಿ ಕ್ರಮಸಂಖ್ಯೆ ಮತ್ತು ತಿಂಗಳು.

ಆ ಹಾಡುಗಳ ವೃತ್ತಾಂತವನ್ನು ನಾನು ಬಲ್ಲೆನು. 1997ರಿಂದ ಎರಡು ವರ್ಷಗಳ ಕಾಲ, ರವಿವಾರಗಳಂದು ಶಾಲೆಯ ಕೆಲಸವಿಲ್ಲದಿರಲು, ನಾವಿಬ್ಬರೂ ಜೋಗಳಬಾವಿಯ ಬಳಿಯಲ್ಲಿಯೂ ಗುಡ್ಡದ ಮೇಲೆಯೂ ಚೌಡಿಕೆ ನುಡಿಸುತ್ತ ಹಾಡುವ ವೃದ್ಧ ಜೋಗತಿಯರ ಮುಂದೆ ಕುಳಿತು, ಅವರು ಹೇಳಿದಂತೆಯೇ ಪದಗಳನ್ನು ನೋಟುಪುಸ್ತಕಗಳಲ್ಲಿ ಬರೆದುಕೊಂಡಿದ್ದೆವು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯನ್ನು 1982ರ ಕಾಯಿದೆಯು ನಿಷೇಧಿಸಿದುದು ಸರ್ವಥಾ ಯುಕ್ತವಾದುದು. ಆ ಪದ್ಧತಿಯು ಮತ್ತೆ ತಲೆಯೆತ್ತಬಾರದು. ಆದರೆ ಆ ತಾಯಂದಿರ ಬಾಳಿನ ದುಃಖವೆಲ್ಲ ಆ ಹಾಡುಗಳಲ್ಲಿಯೇ ಶೇಖರವಾಗಿತ್ತಾದುದರಿಂದ, ಅವರ ತರುವಾಯ ಅವುಗಳನ್ನು ಹಾಡುವವರು ಇರಲಾರರೆಂಬುದನ್ನು ಅರಿತು, ಬರೆದಿಡುವುದು ನಮ್ಮ ಕರ್ತವ್ಯವೆಂದು ತಿಳಿದೆವು. ಮುಂದೆ ಮಿತ್ರರು ತಮ್ಮ ಸಂಬಳದ ಹಣದಿಂದಲೇ ಡಿಟಿಪಿ ಅಂಗಡಿಯಲ್ಲಿ ಅವೆಲ್ಲವನ್ನೂ ಟೈಪು ಮಾಡಿಸಿ ಫ್ಲಾಪಿಗಳಿಗೆ ಏರಿಸಿದರು. ಕಂಪ್ಯೂಟರಿಗೆ ಏರಿಸಿಯಾದ ಮೇಲೆ ಇನ್ನೇನು ಭಯವೆಂಬ ನಂಬಿಕೆಯಿಂದ, ಮನೆಗೆ ಸುಣ್ಣಬಣ್ಣ ಮಾಡಿಸುವ ಕಾಲದಲ್ಲಿ ನೋಟುಪುಸ್ತಕಗಳನ್ನು ರದ್ದಿಗೆ ಹಾಕಲಾಯಿತು. ಹಾಗೆ ಹಾಕಿರೆಂದು ಹೇಳಿದವರಲ್ಲಿ ನಾನೂ ಒಬ್ಬನು.

ಡಬ್ಬಿಯನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಸಮೀಪದ ಅಂಗಡಿಯೊಂದಕ್ಕೆ ಹೋದೆನು. ಅಲ್ಲಿಯ ತರುಣನು ಫ್ಲಾಪಿಯನ್ನು ಹಿಂದೆ ಮುಂದೆ ಹೊರಳಿಸಿ ನೋಡಿ, "ಸರ, ಈಗಿನ ಕಂಪ್ಯೂಟರಿಗೆ ಇದನ್ನ ತೂರ್ಸೊ ಕಿಂಡೀನ ಇಲ್ರಿ" ಎಂದನು. ಅವನು ಹೇಳಿದುದು ಅಕ್ಷರಶಃ ಸತ್ಯ. 1971ರಲ್ಲಿ ಐಬಿಎಂ ಸಂಸ್ಥೆಯು ಎಂಟು ಇಂಚಿನ ಫ್ಲಾಪಿಯನ್ನು ಹೊರತಂದಿತು. 1976ರಲ್ಲಿ ಐದೂಕಾಲು ಇಂಚಿನದೂ, 1981ರಲ್ಲಿ ಸೋನಿ ಸಂಸ್ಥೆಯಿಂದ ಮೂರೂವರೆ ಇಂಚಿನದೂ ಬಂದವು. ಕಂಪ್ಯೂಟರು ನಮ್ಮ ತಾಲೂಕು ಕೇಂದ್ರಗಳ ಮುದ್ರಣಾಲಯಗಳಿಗೆ ಪ್ರವೇಶಿಸಿದ ಕಾಲದಲ್ಲಿ ಈ ಕೊನೆಯದೇ ಎಲ್ಲರ ಜೇಬಿನಲ್ಲಿಯೂ ಇದ್ದಿತು. 1998ರಲ್ಲಿ ಆಪಲ್ ಸಂಸ್ಥೆಯ ಐಮ್ಯಾಕ್ ಎಂಬ ಯಂತ್ರವು ಫ್ಲಾಪಿಯ ಕಿಂಡಿಯಿಲ್ಲದೆಯೇ ಮಾರುಕಟ್ಟೆಗೆ ಬಂದಿತು. 2011ರಲ್ಲಿ ಸೋನಿಯು ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನು ನಿಲ್ಲಿಸಿತು. ನಾವು ನಮ್ಮ ಹಾಡುಗಳನ್ನು ಅದರಲ್ಲಿ ತುಂಬಿಡುತ್ತಿದ್ದ ದಿನಗಳಲ್ಲಿಯೇ ಅದರ ಅವಸಾನವು ಆರಂಭವಾಗಿದ್ದಿತು. ಸವದತ್ತಿಯಲ್ಲಿ ಅದು ನಮಗೆ ತಿಳಿಯಲಿಲ್ಲ.

ಪಟ್ಟು ಬಿಡದೆ ವಿಚಾರಿಸಿದ ಮೇಲೆ ದಾರಿಯೊಂದು ಕಾಣಿಸಿತು. ಆ ದಾರಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಇಂತಹ ಡಬ್ಬಿಗಳು ಈ ಸೀಮೆಯ ಅನೇಕ ಮನೆಗಳಲ್ಲಿ ಇರಲೇಬೇಕು. ಮೂರೂವರೆ ಇಂಚಿನ ಫ್ಲಾಪಿಗಾಗಿ ಯುಎಸ್‌ಬಿ ತಂತಿಯುಳ್ಳ ಪ್ರತ್ಯೇಕ ಡ್ರೈವುಗಳು ಇನ್ನೂ ದೊರೆಯುತ್ತವೆ; ನನಗೆ ಎರಡು ಸಾವಿರ ರೂಪಾಯಿಯೊಳಗೆ ಒಂದು ಸಿಕ್ಕಿತು. ಇಂದಿನ ಬಹುತೇಕ ಕಂಪ್ಯೂಟರುಗಳಿಗೆ ಜೋಡಿಸಿದರೆ ಅದು ಕೆಲಸ ಮಾಡುತ್ತದೆ. ಆದರೆ ಫ್ಲಾಪಿಯನ್ನು ಒಳಗೆ ತೂರಿಸುವ ಮುನ್ನ ಮಾಡಬೇಕಾದ ಎರಡು ಕೆಲಸಗಳುಂಟು. ಫ್ಲಾಪಿಯ ಮೂಲೆಯಲ್ಲಿರುವ ಸಣ್ಣ ಗುಂಡಿಯನ್ನು ಸರಿಸಿ ಅಲ್ಲಿಯ ರಂಧ್ರವು ತೆರೆದಿರುವಂತೆ ಮಾಡಿದರೆ, ಯಂತ್ರವು ಅದರ ಮೇಲೆ ಏನನ್ನೂ ಬರೆಯಲಾರದು, ಇದು ಮೊದಲನೆಯದು. ಲೋಹದ ಮುಚ್ಚಳವನ್ನು ಸರಿಸಿ, ಒಳಗಿನ ಕಂದುಬಣ್ಣದ ತಟ್ಟೆಯನ್ನು ಬೆಳಕಿಗೆ ಹಿಡಿದು, ಬೂಷ್ಟಿನ ಬಿಳಿಯ ಚುಕ್ಕೆಗಳಿವೆಯೇ ಎಂದು ಪರೀಕ್ಷಿಸುವುದು ಎರಡನೆಯದು. ಆ ತಟ್ಟೆಯೆಂದರೆ ಕಬ್ಬಿಣದ ಆಕ್ಸೈಡಿನ ಲೇಪವುಳ್ಳ ತೆಳುವಾದ ಪ್ಲಾಸ್ಟಿಕ್ಕಿನ ವರ್ತುಲ. ಅದರ ಎರಡು ಪಕ್ಕಗಳಲ್ಲಿಯೂ ತಲಾ 80 ವೃತ್ತಪಥಗಳು, ಪಥವೊಂದಕ್ಕೆ 18 ವಿಭಾಗಗಳು, ವಿಭಾಗವೊಂದಕ್ಕೆ 512 ಬೈಟುಗಳು. ನಿಮಿಷಕ್ಕೆ 300 ಸುತ್ತು ತಿರುಗುವ ಆ ತಟ್ಟೆಯನ್ನು ಓದುವ ಮುಳ್ಳು ಅದನ್ನು ಮುಟ್ಟಿಕೊಂಡೇ ಚಲಿಸುವುದರಿಂದ, ಬೂಷ್ಟು ಹಿಡಿದ ಒಂದು ಫ್ಲಾಪಿಯು ಮುಳ್ಳನ್ನು ಮಲಿನಗೊಳಿಸಿ, ಅದರ ಹಿಂದೆ ಬರುವ ಹತ್ತು ಒಳ್ಳೆಯ ಫ್ಲಾಪಿಗಳನ್ನು ಗೀರಿ ಕೆಡಿಸಬಲ್ಲುದು. ಅಂತಹವನ್ನು ಕೊನೆಗಿಡಬೇಕು, ಮುಳ್ಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಆಗಾಗ್ಗೆ ಒರೆಸಬೇಕು.

ಇನ್ನೊಂದು ಅಪಾಯವು ಇದಕ್ಕಿಂತ ದೊಡ್ಡದು. ಓದಲಾರದ ಫ್ಲಾಪಿಯನ್ನು ಕಂಡೊಡನೆ ಕಂಪ್ಯೂಟರು, ಇದನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ; ಅದರ ಅರ್ಥವು ಪಾಟಿಯನ್ನು ಒರೆಸಲೇ ಎಂಬುದು. ಅವಸರದಲ್ಲಿ ಹೌದೆಂದು ಒತ್ತಿ, ಎರಡು ನಿಮಿಷಗಳಲ್ಲಿ ತಂದೆಯ ಬರಹವನ್ನೆಲ್ಲ ಕಳೆದುಕೊಂಡ ಮಗನೊಬ್ಬನನ್ನು ನಾನು ಬಲ್ಲೆನು. ಆ ಪ್ರಶ್ನೆಗೆ ಎಂದಿಗೂ ಬೇಡವೆಂದೇ ಉತ್ತರಿಸಬೇಕು. ಕಡತಗಳನ್ನು ಒಂದೊಂದಾಗಿ ತೆರೆದು ನೋಡುವ ಆಸೆಯನ್ನೂ ತಡೆದುಕೊಂಡು, ಮೊದಲು ಇಡೀ ಫ್ಲಾಪಿಯ ಯಥಾವತ್ತಾದ ಪ್ರತಿಬಿಂಬವನ್ನು ತೆಗೆದಿಟ್ಟುಕೊಂಡು, ಮುಂದಿನ ಕೆಲಸವನ್ನೆಲ್ಲ ಆ ಪ್ರತಿಯ ಮೇಲೆಯೇ ನಡೆಸಬೇಕು. ಡಿಡಿರೆಸ್ಕ್ಯೂ ಎಂಬ ಉಚಿತವಾದ ತಂತ್ರಾಂಶವು ಓದಲು ಬಾರದ ವಿಭಾಗಗಳನ್ನು ಮೊದಲು ಬಿಟ್ಟು ಮುಂದೆ ಹೋಗಿ, ಒಳ್ಳೆಯದನ್ನೆಲ್ಲ ಸಂಗ್ರಹಿಸಿಕೊಂಡ ಮೇಲೆ ಕೆಟ್ಟ ಎಡೆಗಳಿಗೆ ಮರಳಿ ಬಂದು ಪುನಃಪುನಃ ಪ್ರಯತ್ನಿಸುತ್ತದೆ. ನಮ್ಮ 17ರಲ್ಲಿ 11 ಪೂರ್ಣವಾಗಿ ಓದಿದವು. ನಾಲ್ಕು ಅಲ್ಲಲ್ಲಿ ತುಂಡಾಗಿ ಓದಿದವು. ಎರಡು ಏನನ್ನೂ ಕೊಡಲಿಲ್ಲ.

ಓದಿದವೆಂದು ಹೇಳಿದೆನಷ್ಟೆ, ಆದರೆ ಪರದೆಯ ಮೇಲೆ ಮೂಡಿದುದು ಕನ್ನಡವಲ್ಲ. ಟೋಪಿಯಿಟ್ಟ, ಬಾಲ ಬಂದ ಇಂಗ್ಲಿಷ್ ಅಕ್ಷರಗಳ ದೊಂಬಿಯೊಂದು ಅಲ್ಲಿ ತುಂಬಿದ್ದಿತು. ಇದರ ಕಾರಣವನ್ನು ತಿಳಿದುಕೊಳ್ಳಬೇಕು. ಕನ್ನಡವನ್ನು ಕಂಪ್ಯೂಟರಿನಲ್ಲಿ ಕೂಡಿಸುವ ಆರಂಭದ ದಿನಗಳಲ್ಲಿ, ಕೆ.ಪಿ. ರಾಯರ ಸೇಡಿಯಾಪು, ಶ್ರೀಲಿಪಿ, ಆಕೃತಿ, ಬರಹ, ನುಡಿ ಮೊದಲಾದ ತಂತ್ರಾಂಶಗಳಲ್ಲಿ ಬಹುತೇಕ ಎಲ್ಲವೂ ಇಂಗ್ಲಿಷ್ ಅಕ್ಷರಗಳಿಗಾಗಿ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳ ಚಿತ್ರಗಳನ್ನು ತಮತಮಗೆ ತೋರಿದ ಕ್ರಮದಲ್ಲಿ ಕೂಡಿಸಿಕೊಂಡಿದ್ದವು. ಆ ಕಾಲಕ್ಕೆ ಅದಲ್ಲದೆ ಬೇರೆ ಗತಿಯಿರಲಿಲ್ಲ. ಆ ತಂತ್ರಾಂಶಗಳನ್ನು ರಚಿಸಿದವರೆಲ್ಲರ ಶ್ರಮದಿಂದಲೇ ಕನ್ನಡದ ಮುದ್ರಣವು ಬದುಕಿತು. ಯಾವ ಫಾಂಟಿನಲ್ಲಿ ಟೈಪು ಮಾಡಲಾಗಿತ್ತೋ ಆ ಫಾಂಟು ಇದ್ದರೆ ಮಾತ್ರ ಅದು ಕನ್ನಡ. ಇಲ್ಲದಿದ್ದರೆ ಅರ್ಥಹೀನವಾದ ಗುರುತುಗಳ ರಾಶಿ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಶಾಶ್ವತ ಸಂಖ್ಯೆಯನ್ನು ಕೊಡುವ ಯುನಿಕೋಡ್ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ತಾಲೂಕಿನ ಡಿಟಿಪಿ ಅಂಗಡಿಗಳಿಗೆ ಅದು ಬಂದು ಮುಟ್ಟುವುದಕ್ಕೆ ಬಹಳ ಕಾಲ ಹಿಡಿಯಿತು. ನಮ್ಮ ಅದೃಷ್ಟದಿಂದ ಮಿತ್ರರು ಪ್ರತಿ ಫ್ಲಾಪಿಯ ಚೀಟಿಯ ಮೇಲೆ ಫಾಂಟಿನ ಹೆಸರನ್ನೂ ಬರೆದಿಟ್ಟಿದ್ದರು; ಆ ಹೆಸರಿನಿಂದ ಪರಿವರ್ತಕವನ್ನು ಹುಡುಕಿ, ದಾಟಿಸಿ, ತಪ್ಪಿದ ಒತ್ತಕ್ಷರಗಳನ್ನು ಕೈಯಿಂದ ತಿದ್ದುತ್ತ ಕುಳಿತಾಗ, ಇಪ್ಪತ್ತೈದು ವರ್ಷಗಳ ಹಿಂದೆ ಕೇಳಿದ ಪದವೊಂದು ಪರದೆಯ ಮೇಲೆ ಸಾಲುಸಾಲಾಗಿ ಬಂದು ನಿಂತಿತು. ಮಿತ್ರರ ಪತ್ನಿಯವರನ್ನು ಕರೆಸಿ ಓದಿ ಕೇಳಿಸಿದೆನು. ಅವರು ಎರಡನೆಯ ಸಾಲಿಗೇ ಅದನ್ನು ಮೆಲ್ಲನೆ ಹಾಡತೊಡಗಿದರು. ಮಿತ್ರರು ಮನೆಯಲ್ಲಿ ಅಷ್ಟು ಸಲ ಅದನ್ನು ಗುನುಗಿದ್ದರಂತೆ.

ಹಳೆಯ ಹಾರ್ಡ್ ಡಿಸ್ಕುಗಳ ಕಾರ್ಯವು ಇದಕ್ಕಿಂತ ಸುಲಭ. ಅಗಲವಾದ ಚಪ್ಪಟೆ ಕೇಬಲು ಮತ್ತು 40 ಮುಳ್ಳುಗಳುಳ್ಳ ಐಡಿಇ ಎಂಬ ಜಾತಿಯ ಡಿಸ್ಕನ್ನು ಇಂದಿನ ಯಂತ್ರದ ಒಳಗೆ ಕೂಡಿಸಲು ಬರುವುದಿಲ್ಲವಾದರೂ, ಅದಕ್ಕಾಗಿಯೇ ಇರುವ ಯುಎಸ್‌ಬಿ ಅಡಾಪ್ಟರಿನಿಂದ, ಅದರೊಡನೆ ಬರುವ ಪ್ರತ್ಯೇಕ ವಿದ್ಯುತ್ ತಂತಿಯನ್ನೂ ಕೊಟ್ಟು, ಹಿಂಬದಿಯ ಪುಟ್ಟ ಜಂಪರನ್ನು ಮಾಸ್ಟರ್ ಎಂಬ ಸ್ಥಾನದಲ್ಲಿಟ್ಟರೆ, ಸಾಮಾನ್ಯವಾಗಿ ಅದು ತೆರೆದುಕೊಳ್ಳುತ್ತದೆ. ತೆರೆದ ಮೇಲೆ ಪೇಜ್‌ಮೇಕರಿನ ಕಡತಗಳು ಸಿಕ್ಕುತ್ತವೆ. ಆ ತಂತ್ರಾಂಶದ ಕೊನೆಯ ಆವೃತ್ತಿಯು 2001ರದು. ಅದರ ವಾರಸುದಾರನಾದ ಇನ್‌ಡಿಸೈನಿನ ಹೊಸ ಆವೃತ್ತಿಗಳು ಆ ಕಡತಗಳನ್ನು ಗುರುತಿಸುವುದಿಲ್ಲ, ಸಿಎಸ್6ರ ವರೆಗಿನವು ಗುರುತಿಸುತ್ತವೆ. ಐದೂಕಾಲು ಇಂಚಿನ ಫ್ಲಾಪಿಯದು ಕಠಿನವಾದ ಮಾರ್ಗ: ಆ ಗಾತ್ರದ ಹಳೆಯ ಡ್ರೈವೊಂದನ್ನು ಎಲ್ಲಿಂದಾದರೂ ಸಂಪಾದಿಸಿ, ಅದನ್ನು ಗ್ರೀಸ್‌ವೀಝಲ್ ಎಂಬಂತಹ ಸಣ್ಣ ಫಲಕದ ಮೂಲಕ ಕಂಪ್ಯೂಟರಿಗೆ ಜೋಡಿಸಿ, ತಟ್ಟೆಯ ಮೇಲಿನ ಕಾಂತೀಯ ಏರಿಳಿತಗಳನ್ನೇ ನೇರವಾಗಿ ಬರೆದುಕೊಳ್ಳಬೇಕಾಗುತ್ತದೆ. ಅದು ಸಾಧ್ಯ; ಆದರೆ ಹಳೆಯ ಡ್ರೈವು ಇದ್ದರೆ ಮಾತ್ರ ಸಾಧ್ಯ.

ನಮ್ಮ ಸವದತ್ತಿಯು ಒಂದು ಕಾಲಕ್ಕೆ ಸುಗಂಧವರ್ತಿಯೆಂದು ಪ್ರಸಿದ್ಧವಾಗಿ ರಟ್ಟ ಅರಸರ ರಾಜಧಾನಿಯಾಗಿದ್ದಿತು. ಎರಡನೆಯ ಲಕ್ಷ್ಮೀದೇವನ ಕಾಲದ 1228ರ ಶಾಸನವು ರಾಜಗುರು ಮುನಿಚಂದ್ರನನ್ನು ಕೊಂಡಾಡುವುದನ್ನು ನಾವು ಇಂದಿಗೂ ಓದಬಲ್ಲೆವು. ಕಲ್ಲು ಉಳಿಯಿತು, ಫ್ಲಾಪಿ ಅಳಿಯಿತು ಎಂದು ಇದರಿಂದ ಹೇಳಿಬಿಡುವುದು ಸುಲಭ. ಆದರೆ ನಿಜವು ಅಷ್ಟು ಸರಳವಲ್ಲ. ಕಲ್ಲು ಕಣ್ಣೆದುರಿಗೆ ನಿಂತಿದ್ದರೂ ಶತಮಾನಗಳ ಕಾಲ ಈ ಊರಿನ ಜನರಿಗೆ ಅದರ ಅಕ್ಷರಗಳು ತಿಳಿಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೆ.ಎಫ್. ಫ್ಲೀಟರು ಹಳಗನ್ನಡದ ಲಿಪಿಯನ್ನೂ ಭಾಷೆಯನ್ನೂ ಅಭ್ಯಾಸ ಮಾಡಿ, ಸವದತ್ತಿ ಮತ್ತು ಬೆಳಗಾವಿಯ ರಟ್ಟಶಾಸನಗಳನ್ನು ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದ ಮೇಲೆಯೇ ಆ ಕಲ್ಲುಗಳು ಮಾತನಾಡಿದವು. ಬರೆದ ವಸ್ತುವು ಉಳಿಯುವುದು ಒಂದು, ಅದನ್ನು ಓದುವ ಸಾಧನವು ಉಳಿಯುವುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದರಿಂದ ಪ್ರಯೋಜನವಿಲ್ಲ. ಅಲ್ಲಿ ಆ ಸಾಧನವು ಪಂಡಿತನ ವಿದ್ಯೆಯಾಗಿದ್ದಿತು. ಇಲ್ಲಿ ಅದು ಗುಜರಿ ಅಂಗಡಿಯಲ್ಲಿ ಕಿಲೋದ ಲೆಕ್ಕದಲ್ಲಿ ತೂಗುತ್ತಿರುವ ಡ್ರೈವು. ವಿದ್ಯೆಯನ್ನು ಮರಳಿ ಕಲಿಯಬಹುದು. ಯಾರೂ ತಯಾರಿಸದಂತಾದ ಡ್ರೈವನ್ನು ಮರಳಿ ಪಡೆಯುವುದು ಎಲ್ಲಿಂದ?

ಅಮೆರಿಕೆಯಂತಹ ಸಂಪನ್ನ ರಾಷ್ಟ್ರಕ್ಕೂ ಈ ಅನುಭವವಾಗಿದೆ. 1966 ಮತ್ತು 1967ರಲ್ಲಿ ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳು ಚಂದ್ರನ ಚಿತ್ರಗಳನ್ನು ತೆಗೆದು ಕಳುಹಿಸಿದುವು. ಅವು ದೊಡ್ಡ ಟೇಪುಗಳಲ್ಲಿ ದಾಖಲಾದುವು. ಕಾಲಾಂತರದಲ್ಲಿ ಟೇಪುಗಳು ಇದ್ದವು, ಅವುಗಳನ್ನು ಓದುವ ಯಂತ್ರಗಳು ಇರಲಿಲ್ಲ. ನ್ಯಾನ್ಸಿ ಇವಾನ್ಸ್ ಎಂಬ ದಾಖಲೆ ಪಾಲಕಿಯು ಆ ಟೇಪುಗಳನ್ನು ನಾಶಮಾಡಗೊಡದೆ, ಅವನ್ನು ಓದಬಲ್ಲ ಆಂಪೆಕ್ಸ್ ಯಂತ್ರಗಳನ್ನು ತನ್ನ ಮನೆಯ ಗ್ಯಾರೇಜಿನಲ್ಲಿ ವರ್ಷಾನುವರ್ಷ ಕಾಪಾಡಿದಳು. ಆ ಯಂತ್ರಗಳನ್ನು ದುರಸ್ತಿ ಮಾಡಿ, ಚಂದ್ರನ ಅಂಚಿನಾಚೆ ಭೂಮಿಯು ಕಾಣುವ 1966ರ ಚಿತ್ರವನ್ನು 2008ರಲ್ಲಿ ಮೊದಲಿಗಿಂತ ಬಹು ಸ್ಪಷ್ಟವಾಗಿ ಹೊರತೆಗೆಯಲಾಯಿತು.

ನಮ್ಮ ಡಬ್ಬಿಗಳಲ್ಲಿ ಚಂದ್ರನ ಚಿತ್ರಗಳಿಲ್ಲ, ಲಗ್ನಪತ್ರಿಕೆಗಳೂ ಜಾತ್ರೆಯ ಹಸ್ತಪತ್ರಗಳೂ ಸೊಸೈಟಿಯ ವಾರ್ಷಿಕ ವರದಿಗಳೂ ಇರುತ್ತವೆ, ಅವುಗಳಿಗಾಗಿ ಇಷ್ಟು ಪ್ರಯಾಸವೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರವಿದು: ಶಾಸನಗಳಲ್ಲಾದರೂ ಏನಿದೆ? ದೇವರ ನಂದಾದೀಪಕ್ಕೆ ಇಂತಿಷ್ಟು ಎಣ್ಣೆ, ಗುಡಿಗೆ ಇಂತಿಷ್ಟು ಮತ್ತರು ಭೂಮಿ, ಅದರ ಮೇರೆಗೆ ಪೂರ್ವದಲ್ಲಿ ಹಳ್ಳ, ಪಶ್ಚಿಮದಲ್ಲಿ ನಟ್ಟ ಕಲ್ಲು; ಬಹುಪಾಲು ಇದೇ. ಆ ವ್ಯಾವಹಾರಿಕ ವಿವರಗಳಿಂದಲೇ ವಿದ್ವಾಂಸರು ಈ ನಾಡಿನ ಚರಿತ್ರೆಯನ್ನು ಕಟ್ಟಿದರು. 1990ರಿಂದ 2005ರ ವರೆಗಿನ ಹದಿನೈದು ವರ್ಷಗಳಲ್ಲಿ ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಜನರು ಯಾವ ಮಾತಿನಲ್ಲಿ ಬಂಧುಗಳನ್ನು ಮದುವೆಗೆ ಕರೆದರು, ಯಾವ ಸಣ್ಣಾಟವನ್ನು ಯಾವ ಊರಿನಲ್ಲಿ ಆಡಿದರು, ನೇಕಾರರ ಸಂಘದ ಲೆಕ್ಕವೇನಿತ್ತು, ಹೈಸ್ಕೂಲಿನ ಕೈಬರಹದ ಪತ್ರಿಕೆಯು ಯಾವಾಗ ಮುದ್ರಿತ ಪತ್ರಿಕೆಯಾಯಿತು ಎಂಬುದೆಲ್ಲ ಆ ತಟ್ಟೆಗಳಲ್ಲಿಯೇ ಅಡಗಿದೆ. ಸಂಗ್ಯಾ ಬಾಳ್ಯಾದಂತಹ ಆಟವು ಬೈಲಹೊಂಗಲದಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಹರಡಿದ ಸೀಮೆಯಿದು. ಇಲ್ಲಿಯ ಕಲಾವಿದರ ಪಾಠಾಂತರಗಳನ್ನು ಯಾರಾದರೂ ಬರೆಯಿಸಿ ಟೈಪು ಮಾಡಿಸಿದ್ದರೆ, ಅದು ಇಂದು ಯಾವ ಅಟ್ಟದ ಮೇಲಿದೆಯೋ!

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಇದ್ದ ವಿವೇಕವು ನಮಗಿಲ್ಲ. ತಾಳೆಗರಿ ಶಾಶ್ವತವಲ್ಲವೆಂದು ಅವರು ಬಲ್ಲವರಾದುದರಿಂದ ಪ್ರತಿಯಿಂದ ಪ್ರತಿಯನ್ನು ಮಾಡುತ್ತ ಬಂದರು. ಲಕ್ಕುಂಡಿಯ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಫ.ಗು. ಹಳಕಟ್ಟಿಯವರು ಮನೆಮನೆಯ ಜಂತಿಯಲ್ಲಿ ಧೂಳು ತಿನ್ನುತ್ತಿದ್ದ ವಚನದ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಅವರು ಒಂದು ತಲೆಮಾರು ತಡಮಾಡಿದ್ದರೆ ಎಷ್ಟು ವಚನಗಳು ಗೆದ್ದಲಿನ ಪಾಲಾಗುತ್ತಿದ್ದುವೆಂಬುದನ್ನು ಊಹಿಸಲೂ ಭಯವಾಗುತ್ತದೆ. ತಾಳೆಗರಿಯು ಮುನ್ನೂರು ವರ್ಷ ಕಾಯ್ದಿತು. ಫ್ಲಾಪಿಯು ಅಷ್ಟು ಕಾಯುವುದಿಲ್ಲ. ಅದರ ಮೇಲಿನ ಕಾಂತಶಕ್ತಿಯು ವರ್ಷವರ್ಷಕ್ಕೂ ಕ್ಷೀಣಿಸುತ್ತಲೇ ಇದೆ.

ಸರಕಾರವು ತನ್ನ ದಾಖಲೆಗಳ ವಿಷಯದಲ್ಲಿ ಈ ಎಚ್ಚರವನ್ನು ತೋರಿದೆ. ಭೂಮಿ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಎರಡು ದಶಕಗಳಿಗೂ ಮಿಕ್ಕಿದೆ. ಅಂದು ತಾಲೂಕು ಕಚೇರಿಯಲ್ಲಿ ಕುಳಿತಿದ್ದ ಯಂತ್ರಗಳ ಕಾಲವು ಮುಗಿದರೂ ಪಹಣಿಯು ಇಂದು ರೈತನ ಕೈಯ ಫೋನಿನಲ್ಲಿಯೇ ಕಾಣುತ್ತದೆ. ಅಂದರೆ ಯಂತ್ರವು ಹಳತಾಗುವ ಮುನ್ನವೇ ಬರಹವನ್ನು ಮುಂದಿನ ಯಂತ್ರಕ್ಕೆ ದಾಟಿಸುವ ಹೊಣೆಯನ್ನು ಹೊತ್ತವರೊಬ್ಬರು ಅಲ್ಲಿದ್ದರು. ಊರಿನ ಹಾಡಿಗೆ, ಮಠದ ಕಡತಕ್ಕೆ, ಮುದ್ರಣಾಲಯದ ಡಿಸ್ಕಿಗೆ ಅಂತಹ ಹೊಣೆಗಾರರಿಲ್ಲ. ಅದನ್ನು ಮನೆಮನೆಯವರೇ ಮಾಡಿಕೊಳ್ಳಲಿ ಎಂದರೆ ಆಗುವ ಕೆಲಸವಲ್ಲ. ಒಂದು ಡಬ್ಬಿಯ ಫ್ಲಾಪಿಗಳಿಗಾಗಿ ಪ್ರತಿಯೊಬ್ಬ ವಿಧವೆಯೂ ಡ್ರೈವನ್ನು ಕೊಂಡು, ಫಾಂಟನ್ನು ಹುಡುಕಿ, ಪರಿವರ್ತಕವನ್ನು ಕಲಿಯಬೇಕೇ?

ಆದುದರಿಂದ ನನ್ನ ಸ್ಪಷ್ಟವಾದ ಅಭಿಪ್ರಾಯವೇನೆಂದರೆ, ಪ್ರತಿ ತಾಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ಹಳೆಯ ಡಿಸ್ಕುಗಳನ್ನು ಓದುವ ಮೇಜೊಂದು ಇರಬೇಕು. 1965ರ ಗ್ರಂಥಾಲಯ ಅಧಿನಿಯಮದ ಮೇರೆಗೆ ನಾವೆಲ್ಲರೂ ಆಸ್ತಿತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತಲೇ ಇದ್ದೇವೆ; ಓದಲಾರದಂತಾದ ಬರಹವನ್ನು ಓದಿಸುವುದಕ್ಕಿಂತ ಗ್ರಂಥಾಲಯಕ್ಕೆ ಒಪ್ಪುವ ಕಾರ್ಯ ಬೇರೆ ಯಾವುದಿದ್ದೀತು? ಬೇಕಾದುದು ಫ್ಲಾಪಿ ಡ್ರೈವಿನೊಡನೆ ಸುಸ್ಥಿತಿಯಲ್ಲಿರುವ ಒಂದು ಹಳೆಯ ಕಂಪ್ಯೂಟರು, ಒಂದು ಯುಎಸ್‌ಬಿ ಡ್ರೈವು, ಒಂದು ಐಡಿಇ ಅಡಾಪ್ಟರು, ಹಳೆಯ ಫಾಂಟುಗಳ ಒಂದು ಸಂಗ್ರಹ ಮತ್ತು ವಾರಕ್ಕೆ ಎರಡು ದಿನ ಕುಳಿತುಕೊಳ್ಳುವ, ತಾಳ್ಮೆಯುಳ್ಳ ಒಬ್ಬ ವ್ಯಕ್ತಿ. ಕಂಪ್ಯೂಟರನ್ನು ಬಿಟ್ಟರೆ ಉಳಿದ ಸಾಧನಗಳಿಗೆ ಐದು ಸಾವಿರ ರೂಪಾಯಿಯೂ ಬೀಳದು. ಓದಿ ತೆಗೆದ ಬರಹದ ಒಂದು ಪ್ರತಿಯು ಮಾಲಿಕರಿಗೆ. ಅವರು ಸಮ್ಮತಿಸಿದರೆ ಇನ್ನೊಂದು ಪ್ರತಿಯು 1939ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂತಹ ಭಂಡಾರಕ್ಕೆ. ಸಮ್ಮತಿಯ ಮಾತನ್ನು ಒತ್ತಿ ಹೇಳುತ್ತೇನೆ. ಮುದ್ರಣಾಲಯದ ಡಿಸ್ಕಿನಲ್ಲಿ ಪರರ ಖಾಸಗಿ ಪತ್ರಗಳೂ ಇರುವುದುಂಟು, ಅವುಗಳನ್ನು ಮುಟ್ಟುವ ಹಕ್ಕು ನಮಗಿಲ್ಲ.

ಆದರೆ ಅಂತಹ ಮೇಜು ಸಿದ್ಧವಾಗುವ ವರೆಗೆ ಕಾಲವು ನಿಲ್ಲದು. ಆದಕಾರಣ ಸವದತ್ತಿ, ಯರಗಟ್ಟಿ, ಮುನವಳ್ಳಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಡಿಟಿಪಿ ಅಂಗಡಿಯವರಲ್ಲಿಯೂ ಮುದ್ರಣಾಲಯಗಳ ಮಾಲಿಕರಲ್ಲಿಯೂ ನನ್ನದೊಂದು ಬಿನ್ನಹವಿದೆ: ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನು ತೂಕಕ್ಕೆ ಕೊಡುವ ಮುನ್ನ, ಅದರೊಳಗಿನ ಹಾರ್ಡ್ ಡಿಸ್ಕನ್ನೂ ಫ್ಲಾಪಿ ಡ್ರೈವನ್ನೂ ಅವುಗಳ ಚಪ್ಪಟೆ ಕೇಬಲುಗಳನ್ನೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ತೇವ ತಾಕದ ಎಡೆಯಲ್ಲಿ ಎತ್ತಿಡಿರಿ, ಅಂದು ಬಳಸಿದ ಫಾಂಟಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡಿರಿ.